ಕೊಚ್ಚಿದ ಗುಂಡಿಗೆಯ ಪಾಠ

ದಿನಾಂಕಗಳ ವಿಷಯದಲ್ಲಿ ನಾನು ಯಾರನ್ನೂ ನಂಬುವವನಲ್ಲ. ನನ್ನ ಮದುವೆಯ ದಿನಾಂಕವನ್ನು ಸಹ ಲಗ್ನಪತ್ರಿಕೆಯನ್ನೂ ಉಡುಗೊರೆಯ ತಂಬಿಗೆಯ ಮೇಲೆ ಕೊರೆಸಿದ್ದನ್ನೂ ಹೋಲಿಸಿದ ಮೇಲೆಯೇ ಒಪ್ಪಿಕೊಂಡಿದ್ದೇನೆ. ಪ್ರಾಣಿಶಾಸ್ತ್ರದ ಸಂಶೋಧಕನಾಗಿ ನಿವೃತ್ತನಾಗಿ ಜಮಖಂಡಿಯ ಮನೆ ಸೇರಿದ ಬಳಿಕ ಈ ಗುಣಕ್ಕೆ ಮೇವೇ ಇರಲಿಲ್ಲ. ಆಗ ಸೊಸೆ ಸುನಂದಾ ಒಂದು ಕೆಲಸ ಹಚ್ಚಿದಳು.

ಆಕೆ ಬನಹಟ್ಟಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರದ ಹೊಸ ಉಪನ್ಯಾಸಕಿ. ಅವಳನ್ನು ಮುಂದುವರಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ಪ್ರಾಚಾರ್ಯರು ಅವಳೇ ಹೇಳಿದ ದಿನ ತರಗತಿಯಲ್ಲಿ ಕೂಡುವವರಿದ್ದರು. ಅಂದಿನ ಪಾಠ, ಆಡಿನ ಹೃದಯ ಕೊಯ್ದು ಅದರ ರಚನೆ ತೋರಿಸುವುದು.

"ಮಾವಾರ, ಪಾಠ ನಾ ಮಾಡ್ತೀನ್ರಿ. ಕೊಯ್ಯೂದು ನೀವ ಬಂದ ಮಾಡಿಕೊಡ್ರಿ. ನನ್ನ ಕೈ ನಡಗತಾವ್ರಿ."

ಸೋಮವಾರ, ಅಮಾವಾಸ್ಯೆ, ಶ್ರಾವಣ ಯಾವುದೂ ಕೂಡದೆಂದು ನನ್ನ ಹೆಂಡತಿ ಗಿರಿಜಾ ಕಟ್ಟಪ್ಪಣೆ ಮಾಡಿದಳು. ಎರಡು ಪಂಚಾಂಗ ಹೋಲಿಸಿ ನಿರ್ದೋಷವಾದೊಂದು ಬುಧವಾರವನ್ನು ಹುಡುಕಿಕೊಟ್ಟೆ. ಆದರೆ ಹೃದಯವನ್ನು ತರುವುದು ಹೇಗೆಂಬುದನ್ನು ಯಾವ ಪಂಚಾಂಗವೂ ಹೇಳುವುದಿಲ್ಲ. ನನ್ನ ವೃತ್ತಿಜೀವನದಲ್ಲಿ ಹೃದಯಗಳು ಗಾಜಿನ ಭರಣಿಯಲ್ಲಿ ತಾವಾಗಿಯೇ ಮೇಜಿಗೆ ಬರುತ್ತಿದ್ದವು. ನಮ್ಮ ವಂಶದಲ್ಲಿ ಮಾಂಸದಂಗಡಿಯ ಮೆಟ್ಟಿಲೇರಿದ ಮೊದಲಿಗ ನಾನೇ, ಅದೂ ಹಣೆಯ ವಿಭೂತಿ ಒರೆಸಿಕೊಳ್ಳಲು ಮರೆತು.

"ಸಾಹೇಬ್ರ, ನೀವು ಇಲ್ಲೆ?" ಅಂಗಡಿಯವನು ದಂಗಾದ.

"ಒಂದ ಗುಂಡಿಗಿ ಬೇಕಾಗಿತ್ತಪಾ."

ಅವನು ದನಿ ತಗ್ಗಿಸಿದ. "ಹೆದರಬ್ಯಾಡ್ರಿ. ಯಾರಿಗೂ ಗೊತ್ತಾಗದಂಗ ಮಾಡಿಕೊಡ್ತೇನಿ."

ಪರಿಚಿತರು ಯಾರಾದರೂ ಬಂದಾರೆಂದು ನಾನು ಅಂಗಡಿಗೆ ಬೆನ್ನು ಹಾಕಿ ರಸ್ತೆ ಕಾಯುತ್ತಿದ್ದೆ. ಹಿಂದೆ ಕಟಕಟ ಸಪ್ಪಳ ಕೇಳಿಸಿತು. ಬೇರೆ ಗಿರಾಕಿಯದಿರಬೇಕು ಎಂದುಕೊಂಡೆ. ಕರಿಯ ಚೀಲ ಕೈಗೆ ಬಂತು. ಮೇಲೆ ಕಾಣುವಂತೆ ಒಂದು ಸಿವುಡು ಮೆಂತೆ ಸೊಪ್ಪು! ಅವನ ಸೌಜನ್ಯವನ್ನು ಬನಹಟ್ಟಿಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮೆಚ್ಚಿಕೊಂಡೆ. ಚೀಲವನ್ನು ಮಾತ್ರ ಬಿಚ್ಚಿ ನೋಡುವ ಧೈರ್ಯ ಮಾಡಲಿಲ್ಲ.

ತರಗತಿಯಲ್ಲಿ ಚೀಲದಿಂದ ಮೊದಲು ಮೆಂತೆ ಬಂತು. ಆಮೇಲೆ ಹೃದಯ ಬಂತು, ಒಗ್ಗರಣೆಗೆ ಸಿದ್ಧವಾದ ಸಣ್ಣ ಸಣ್ಣ ತುಣುಕುಗಳಾಗಿ.

"ಸರ್, ಒಲಿ ಹಚ್ಚೂಣೇನ್ರಿ?" ಎಂದಳು ಮುಂದಿನ ಸಾಲಿನ ಹುಡುಗಿ. ಇಡೀ ತರಗತಿ ನಕ್ಕಿತು. ಪ್ರಾಚಾರ್ಯರು ನಗಲಿಲ್ಲ. ಸೊಸೆಯ ನೌಕರಿಯನ್ನು ಕೈಯಾರೆ ಕೊಚ್ಚಿಸಿಕೊಂಡು ತಂದೆನಲ್ಲ ಎಂದುಕೊಂಡೆ.

ಸುನಂದಾ ತುಣುಕುಗಳನ್ನು ದಿಟ್ಟಿಸಿದಳು. ಕೊಯ್ಯಲು ಏನೂ ಉಳಿದಿರದ ಕಾರಣವೋ ಏನೋ, ಅವಳ ಕೈ ನಡುಗುತ್ತಿರಲಿಲ್ಲ. "ಹಂಚಿಕೊಳ್ರಿ. ಯಾವ ತುಣುಕ ಎಲ್ಲಿದು, ನೀವ ಹೇಳ್ಬೇಕು. ಯಾಕಂತನೂ ಹೇಳ್ಬೇಕು."

ಒಲೆ ಹಚ್ಚಲು ಹೊರಟಿದ್ದವಳೇ ದಪ್ಪನೆಯ ತುಣುಕೊಂದನ್ನು ಎತ್ತಿದಳು. "ಮೇಡಂ, ಇದು ಎಡಗಡಿ ಕೆಳಗಿನ ಕೋಣೀದ್ರಿ. ಇಡೀ ಮೈಗೆ ರಕ್ತ ನೂಕಬೇಕಲ್ರಿ, ಅದಕ್ಕ ಗೋಡಿ ದಪ್ಪ."

"ಏ, ಇಲ್ಲಿ ನೋಡಬೇ, ಬಿಳಿ ದಾರ!" ಎಂದಳು ಇನ್ನೊಬ್ಬಳು.

"ಅದು ಕವಾಟದ್ದು. ಬಾಗಲಾ ಹಿಂದಕ್ಕ ಮಗಚಬಾರದಂತ ಹಿಡಕೊಂಡಿರತೈತಿ" ಎಂದಳು ಸುನಂದಾ.

ಯಾವ ತುಣುಕು ಯಾವ ಕೋಣೆಯದೆಂದು ಬೆಂಚು ಬೆಂಚಿಗೂ ವಾದ ಹತ್ತಿತು. ನಾನು ಎಷ್ಟೋ ಹೃದಯಗಳನ್ನು ನೀಟಾಗಿ ಕೊಯ್ದು ತೋರಿಸಿದ್ದೇನೆ. ಒಂದರ ಸಲುವಾಗಿಯೂ ವಿದ್ಯಾರ್ಥಿಗಳು ಹೀಗೆ ಜಗಳಾಡಿದ್ದಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತು ಸುಖವಾಗಿ ಕೇಳಿದೆ.

ಕೊನೆಗೆ ಪ್ರಾಚಾರ್ಯರು ಎದ್ದರು. "ಬಾಳ ಛಲೋ ಆತು ಮೇಡಂ. ಮುಂದಿನ ವರ್ಷಾನೂ ನೀವ ಇರ್ರಿ. ಅಂದಂಗ, ಈ ಪದ್ಧತಿ ಯಾರ ಕಲಿಸಿದ್ರು?"

"ನಮ್ಮ ಮಾವಾರ ರೀ" ಎಂದಳು ಸೊಸೆ, ಮುಖದಲ್ಲಿ ಒಂದಿಷ್ಟೂ ನಗೆಯಿಲ್ಲದೆ.

ಮೂಲ ಆಕರವನ್ನು ಹೆಸರಿಸುವುದು ಸಂಶೋಧಕನ ಧರ್ಮ. ಇಲ್ಲಿ ಆ ಆಕರ ಜಮಖಂಡಿಯ ಮಾಂಸದಂಗಡಿಯಲ್ಲಿತ್ತು. ನಾನು ಕನ್ನಡಕ ತೆಗೆದು ಒರೆಸತೊಡಗಿದೆ. ಪ್ರಾಚಾರ್ಯರು ಅದನ್ನು ವಿನಯವೆಂದು ತಿಳಿದರು. ನಾನೂ ತಿದ್ದಲು ಹೋಗಲಿಲ್ಲ.