ಲಾರಿಗೊಂದು ಸ್ವಿಚ್ಚು ಇಟ್ಟದ್ದು

ಅರ್ಥವಾಗದ ವಸ್ತುವಿನ ಮುಂದೆ ನಿಂತಾಗಲೂ ಅರ್ಥವಾದವನಂತೆ "ಹೂಂ" ಎನ್ನುವ ಚಟ ನನಗಿದೆ. ನನ್ನ ಹೊಸ ಮೀನಿನ ಲಾರಿಯ ಮುಂದಂತೂ ಬರೀ ಹೂಂ. ಅದರ ಹಿಂದಿನ ಪೆಟ್ಟಿಗೆಯನ್ನು ತಂಪಾಗಿಡುವ ಯಂತ್ರ ಓಡುವುದು ಎಂಜಿನ್ನಿನಿಂದಲೇ. ಲಾರಿ ನಿಂತರೆ ಎಂಜಿನ್ ಮೆಲ್ಲಗೆ ಗುನುಗುತ್ತದೆ, ಪೆಟ್ಟಿಗೆ ಬೆಚ್ಚಗಾಗುತ್ತದೆ. ಹಾಗಾಗಿ ಮೀನು ತುಂಬಿ ಮುಗಿಯುವವರೆಗೂ ಡ್ರೈವರ್ ಸೀನ ಆಕ್ಸಿಲರೇಟರ್ ಒತ್ತಿಕೊಂಡೇ ಕೂರಬೇಕು. "ಕಾಲ್ ಮರಗಟ್ಟಿ ಹೋಯ್ತ್ ಶೆಟ್ರೆ" ಎಂದು ದಿನವೂ ಗೊಣಗುತ್ತಿದ್ದ. ಕಾಲಿನ ಬದಲು ಸ್ವಿಚ್ಚು ಇಡೋಣ ಎಂದದ್ದು ನಾನೋ, ಹೆಮ್ಮಾಡಿಯ ಎಲೆಕ್ಟ್ರಿಷಿಯನ್ ರಾಘುವೋ? ಈಗ ಇಬ್ಬರೂ ಇನ್ನೊಬ್ಬರ ಹೆಸರು ಹೇಳುತ್ತೇವೆ. ರಾಘು ಲಾರಿಯ ಪುಸ್ತಕ ನೋಡಿ, ಎಂಜಿನ್ನಿನ ಕಂಪ್ಯೂಟರಿಗೆ ಹೋಗುವ ಹಸಿರು ತಂತಿಗೆ ಸ್ವಿಚ್ಚು ಸೇರಿಸಿದ. ಹಸಿರು ಎಂಬುದು ನನ್ನ ನೆನಪು. ನೆನಪಿನಲ್ಲಿ ಲಾರಿಯೂ ಹಸಿರೇ, ಫೋಟೊದಲ್ಲಿ ನೋಡಿದರೆ ನೀಲಿ.

ಮರುದಿನ ಬೆಳಿಗ್ಗೆ ಬಂದರಿನಲ್ಲಿ ಮೀನು ವ್ಯಾಪಾರದ ಗಿರಿಜಕ್ಕನ ಬಂಗುಡೆ ಕ್ರೇಟುಗಳು ಒಳಗೆ ಹೋದವು. ಅವರ ಲೋಡು ಕೈತಪ್ಪಿದರೆ ಇನ್ಯಾರೂ ನನ್ನ ಲಾರಿಯನ್ನು ನಂಬುವವರಿಲ್ಲ. ಸ್ವಿಚ್ಚು ಒತ್ತಿದೆ. ಎಂಜಿನ್ ಕೇಳಿಸಿಕೊಳ್ಳಲೇ ಇಲ್ಲ. ರಾಘು ತಂತಿ ಬಿಚ್ಚಿದ, ಕಟ್ಟಿದ, ಮತ್ತೆ ಬಿಚ್ಚಿದ. ಸೀನ ಪೆಡಲಿಗೆ ಕಾಲು ಇಡಹೋದರೆ ನಾನೇ ತಡೆದೆ: "ಕಾಲ್ ತೆಗಿ ಮಾರಾಯ, ನೀ ಒತ್ತಿದ್ರೆ ಸ್ವಿಚ್ಚಿನ ಕೆಲ್ಸ ಗೊತ್ತಾಪ್ದ್ ಹ್ಯಾಂಗೆ?"

"ಹ್ವಾಯ್ ಶೆಟ್ರೆ, ನಿಮ್ಗೆ ಸ್ವಿಚ್ಚ್ ಬೇಕಾ, ನನ್ನ್ ಮೀನ್ ಬೇಕಾ?" ಎಂದರು ಗಿರಿಜಕ್ಕ.

"ಹೂಂ" ಎಂದೆ.

ಅವರು ಇನ್ನು ಕಾಯಲಿಲ್ಲ. ಐಸ್ ತುಂಬಿದ ಹಳೆಯ ಲಾರಿಯೊಂದನ್ನು ಕರೆಸಿ ಕ್ರೇಟುಗಳನ್ನೆಲ್ಲ ಅದಕ್ಕೆ ದಾಟಿಸಿದರು. ಬಂದರಿನದು ಇಳಿಜಾರು. ಉಪ್ಪುಗಾಳಿಗೆ ಹ್ಯಾಂಡ್ ಬ್ರೇಕ್ ತುಕ್ಕು ಹಿಡಿಯುತ್ತದೆಂದು ನಮ್ಮಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ, ಚಕ್ರಕ್ಕೊಂದು ಕಲ್ಲು ಇಡುತ್ತೇವೆ. ಕೊನೆಯ ಕ್ರೇಟಿನ ಭಾರಕ್ಕೆ ಹಳೆಯ ಲಾರಿ ತನ್ನ ಕಲ್ಲನ್ನೇ ತಳ್ಳಿಕೊಂಡು ಜಾರತೊಡಗಿತು. "ಹ್ವಾಯ್, ಇನ್ನೊಂದ್ ಕಲ್ಲ್ ಕೊಡಿ!" ಎಂಬ ಕೂಗಿಗೆ ಸೀನ ನಮ್ಮ ಕಲ್ಲನ್ನು ಕೊಡಲು ಹೊರಟ, ಅದಕ್ಕೂ ಮೊದಲು, ಹೊಸ ಲಾರಿಯ ಜೀವಮಾನದಲ್ಲೇ ಮೊದಲ ಬಾರಿಗೆ, ಹ್ಯಾಂಡ್ ಬ್ರೇಕ್ ಎಳೆದ. ಒತ್ತಿಯೇ ಇಟ್ಟಿದ್ದ ಸ್ವಿಚ್ಚಿಗೆ ಎಂಜಿನ್ ಬುರ್ರೆಂದು ಏರಿತು.

ಹಳೆಯ ಲಾರಿ ನಮ್ಮ ಕಲ್ಲಿಗೆ ತಡೆದು ನಿಂತಿತು, ರಾಘು ಪುಸ್ತಕ ತೆರೆದ. ಹ್ಯಾಂಡ್ ಬ್ರೇಕ್ ಎಳೆದಿದ್ದರೆ ಮಾತ್ರ ಸ್ವಿಚ್ಚು ಕೆಲಸ ಮಾಡುತ್ತದೆ ಎಂಬ ಸಾಲು ಅಲ್ಲೇ ಇತ್ತು. "ಇದ್ ನಿನ್ನೆಯೂ ಇತ್ತಾ?" ಎಂದು ನನ್ನನ್ನೇ ಕೇಳಿದ.

ಸ್ವಲ್ಪ ಹೊತ್ತಿಗೆ ಖಾಲಿ ಪೆಟ್ಟಿಗೆ ಗಡಗಡ ನಡುಗಿಸುವಷ್ಟು ತಣ್ಣಗಾಯಿತು. ಗೆದ್ದೆನೋ ಸೋತೆನೋ ತಿಳಿಯದೆ ಒಳಗೆ ಹೋಗಿ ನಿಂತೆ. ಹೊರಡುವ ಮುಂಚೆ ಗಿರಿಜಕ್ಕ ಬಾಗಿಲಲ್ಲಿ ಇಣುಕಿದರು.

"ನೀವಾದ್ರೂ ಕೆಡೂದಿಲ್ಲ ಬಿಡಿ" ಎಂದರು.