ಬಾಲ್ಕನಿಯಲ್ಲಿ ಕೆನಡಾ

ಬಾವುಟ ಬುಧವಾರವೇ ಒಣಗಿದ್ದರೆ ಈ ಕತೆ ಹುಟ್ಟುತ್ತಲೇ ಇರಲಿಲ್ಲ.

ಹತ್ತನೇ ತರಗತಿಯ ತೃಷಾಳಿಗೆ ಸಮಾಜ ವಿಜ್ಞಾನದ ಪ್ರಾಜೆಕ್ಟು. ಟೀಚರು ಚೀಟಿ ಎತ್ತಿಸಿ ಒಬ್ಬೊಬ್ಬರಿಗೆ ಒಂದೊಂದು ದೇಶ ಹಂಚಿದ್ದರು. ಆ ದೇಶದವರು ತಾವು ಆ ದೇಶದವರೇ ಎಂದು ಯಾವುದರಿಂದ ಗುರುತಿಸಿಕೊಳ್ಳುತ್ತಾರೆ ಎಂಬುದನ್ನು ಬರೆದು, ಚಿತ್ರ ಅಂಟಿಸಿ, ಬಾವುಟವನ್ನು ಕೈಯಲ್ಲೇ ತಯಾರಿಸಿ ಗುರುವಾರದ ಪ್ರದರ್ಶನಕ್ಕೆ ತರಬೇಕು. ತೃಷಾಳ ಚೀಟಿಯಲ್ಲಿ ಕೆನಡಾ ಬಂತು. ಪಕ್ಕದ ಬೆಂಚಿನ ದೀಕ್ಷಿತಾಳಿಗೆ ಭೂತಾನ್ ಬಂದಿತ್ತು. ಆ ಎರಡು ಚೀಟಿಗಳು ಅದಲು ಬದಲಾಗಿದ್ದರೆ ತೃಷಾಳ ಅಪ್ಪ ಪುರಂದರ ಇವತ್ತಿಗೂ ನೆಮ್ಮದಿಯಾಗಿರುತ್ತಿದ್ದ.

ತಾಯಿ ಸುಗಂಧಿ ಹಳೆಯ ಬಿಳಿ ಬೆಡ್‌ಶೀಟಿನ ಎರಡು ಬದಿಗೆ ಕೆಂಪು ಬಟ್ಟೆ ಹೊಲಿದುಕೊಟ್ಟಳು. ನಡುವಿನ ಎಲೆ ಬರೆಯುವ ಕೆಲಸ ಪುರಂದರನದು. ಅವನು ಕುವೈತಿನ ಶುವೈಖಿನಲ್ಲಿ ಒಂದು ಗೋದಾಮಿನ ಸ್ಟೋರ್ ಕೀಪರ್. ಅಲ್ಲಿಂದ ಡಬ್ಬಿಯ ತಳದಲ್ಲಿ ಉಳಿದಿದ್ದ ಕೆಂಪು ಪೇಂಟು ತಂದ. ಅದು ಕಬ್ಬಿಣದ ಪೈಪಿಗೆ ಬಳಿಯುವ ಪೇಂಟು, ಬಟ್ಟೆಯ ಮೇಲೆ ಒಣಗುವ ಅಭ್ಯಾಸ ಅದಕ್ಕಿರಲಿಲ್ಲ. ಗುರುವಾರ ಬೆಳಿಗ್ಗೆ ಮುಟ್ಟಿದರೂ ಬೆರಳಿಗೆ ಅಂಟುತ್ತಿತ್ತು. ತಾವಿರುವ ಅಬ್ಬಾಸಿಯಾದ ಬಿಸಿಲಿಗೆ ಒಣಗದ ವಸ್ತು ಯಾವುದಿದೆ ಎಂದುಕೊಂಡು ಪುರಂದರ ಅದನ್ನು ಬಾಲ್ಕನಿಯ ಕಂಬಿಗೆ ಅಗಲವಾಗಿ ಹರಡಿದ. ಎದುರಿನ ಎರಡು ಕಟ್ಟಡ, ಕೆಳಗಿನ ಅಂಗಡಿ, ಶಾಲಾ ಬಸ್ಸಿಗೆ ಕಾಯುತ್ತಿದ್ದ ತಾಯಂದಿರು ಎಲ್ಲರಿಗೂ ಕೆನಡಾ ದರ್ಶನವಾಯಿತು.

ಐದೇ ನಿಮಿಷಕ್ಕೆ ಬೆಲ್ಲಾಯಿತು. ಪಕ್ಕದ ಫ್ಲ್ಯಾಟಿನ ವೈಲೆಟ್ ಬಾಯಿ. ಆಸ್ಪತ್ರೆಯ ನೈಟ್ ಡ್ಯೂಟಿ ಮುಗಿಸಿ ಬಂದವಳು ಮನೆಗೆ ಹೋಗದೆ ಸೀದಾ ಇಲ್ಲಿಗೇ ಬಂದಿದ್ದಳು.

“ಸುಗಂಧಿ, ನಮಗೂ ಹೇಳ್ಲಿಲ್ಲ ಅಲ್ವಾ ನೀವು?” ಅವಳ ದನಿಯಲ್ಲಿ ನಿಜವಾದ ನೋವಿತ್ತು. “ಆಯ್ತು, ಹೇಳುದು ಬೇಡ. ಆದ್ರೆ ಆ ಸೋಫಾ ಬೇರೆ ಯಾರಿಗೂ ಕೊಡ್ಬೇಡಿ. ನಾನು ಮೊದಲು ಕೇಳಿದ್ದು.”

“ಎಂತದು ಹೇಳುದು? ಅದು ತೃಷಾಳ ಸ್ಕೂಲಿನ ಪ್ರಾಜೆಕ್ಟ್” ಎಂದ ಪುರಂದರ.

ವೈಲೆಟ್ ಬಾಯಿ ಅವನನ್ನು ಕರುಣೆಯಿಂದ ನೋಡಿದಳು. “ವಿವೇಕ್ ಕೂಡ ಹೀಗೇ ಹೇಳಿದ್ದು, ಪುರಂದರಣ್ಣ. ಅತ್ತಿಗೆಯ ಬಾಣಂತನಕ್ಕೆ ಊರಿಗೆ ಹೋಗುದು ಅಂತ.”

ಇಲ್ಲೊಂದು ಮಾತು ಹೇಳಬೇಕು. ಕುವೈತಿನ ನಮ್ಮವರಲ್ಲಿ ಕೆನಡಾಕ್ಕೆ ಹೋಗುವವರು ಹೋಗುತ್ತೇವೆಂದು ಬಾಯಿ ಬಿಡುವುದಿಲ್ಲ. ಬಿಟ್ಟರೆ ದೃಷ್ಟಿಯಾಗುತ್ತದೆ, ಕಂಪೆನಿಗೆ ಗೊತ್ತಾಗುತ್ತದೆ, ವೀಸಾ ಬರದೇ ಹೋದರೆ ತಲೆಯೆತ್ತಿ ನಡೆಯುವಂತಿಲ್ಲ. ಮೂರನೇ ಮಹಡಿಯ ವಿವೇಕ್ ಬಾಣಂತನಕ್ಕೆಂದು ಹೋದವನು ಹದಿನೈದು ದಿನಕ್ಕೆ ಹಿಮದಲ್ಲಿ ನಿಂತ ಫೋಟೋ ಹಾಕಿದ. ಅವನ ಫ್ರಿಡ್ಜು ಯಾರ ಪಾಲಾಯಿತೆಂದು ಇವತ್ತಿಗೂ ಕಟ್ಟಡದಲ್ಲಿ ಮುನಿಸಿದೆ. ಅಂದಿನಿಂದ ಒಂದು ಪಾಠ ಎಲ್ಲರೂ ಕಲಿತಿದ್ದರು: ಇಲ್ಲ ಎಂದವನು ಹೊರಟ ಎಂದೇ ಅರ್ಥ, ಅವನ ಸಾಮಾನಿಗೆ ಬೇಗ ಹೇಳಿಡಬೇಕು.

ತೃಷಾ ಯೂನಿಫಾರ್ಮಿನಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. “ಆಂಟಿ, ಇಟ್ಸ್ ಜಸ್ಟ್ ಫಾರ್ ಸ್ಕೂಲ್” ಎಂದಳು.

“ಮಗುವಿಗೂ ಹೇಳಿಕೊಟ್ಟಿದ್ದೀರಿ” ಎಂದಳು ವೈಲೆಟ್ ಬಾಯಿ. ಹೋಗುವಾಗ ಸೋಫಾದ ಕೈಯನ್ನೊಮ್ಮೆ ಒತ್ತಿ ನೋಡಿ ಹೋದಳು.

ಹಿಂದಿನ ವಾರ ತೃಷಾ ಪ್ರಾಜೆಕ್ಟಿಗಾಗಿ ಮನೆ ಮನೆಗೆ ಹೋಗಿ ‘ಜನ ಕೆನಡಾದವರಾಗಲು ಯಾಕೆ ಬಯಸುತ್ತಾರೆ’ ಎಂದು ಕೇಳಿ ಬಂದಿದ್ದಳು. ಈಗ ನೋಡಿದರೆ ಅದೂ ಅಪ್ಪ ಕಳಿಸಿ ಮಾಡಿಸಿದ ವಿಚಾರಣೆ ಎಂದೇ ಎಲ್ಲರಿಗೂ ತೋರಿತು. ಕೆನಡಾದ ವೀಸಾಕ್ಕೆ ಯಾವ ವಯಸ್ಸಿಗೆ ಎಷ್ಟು ಪಾಯಿಂಟು, ಯಾವ ಪರೀಕ್ಷೆಗೆ ಎಷ್ಟು ಮಾರ್ಕು ಎಂಬುದು ಇಡೀ ಕಟ್ಟಡಕ್ಕೆ ಬಾಯಿಪಾಠವಿತ್ತು. ಏನೂ ಗೊತ್ತಿಲ್ಲದವನು ಪುರಂದರ ಒಬ್ಬನೇ. ಅವನಿಗೆ ಕೆನಡಾ ಬೇಕಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಇನ್ನು ಎರಡು ವರ್ಷದ ಇಕಾಮಾ, ಕುವೈತಿನಲ್ಲಿ ಇರಲು ಕೊಡುವ ಪರವಾನಗಿ. ಅಷ್ಟರಲ್ಲಿ ತೃಷಾಳ ಹನ್ನೆರಡನೇ ತರಗತಿ ಇಲ್ಲೇ ಮುಗಿಯುತ್ತಿತ್ತು.

ಆ ಎರಡು ವರ್ಷವೇ ಈಗ ಕತ್ತಿಯ ಅಂಚಿನಲ್ಲಿತ್ತು. ಗೋದಾಮಿನಲ್ಲಿ ಸ್ಟೋರ್ ಕೀಪರ್‌ಗಳು ಇಬ್ಬರು, ಪುರಂದರ ಮತ್ತು ಮೇಲಿನ ಮಹಡಿಯ ಸುಕೇಶ್. ಇಬ್ಬರಲ್ಲಿ ಒಬ್ಬನ ಇಕಾಮಾ ಮಾತ್ರ ಮುಂದುವರಿಸುವುದೆಂದು ಕಂಪೆನಿ ಹೇಳಿಬಿಟ್ಟಿತ್ತು. ಯಾರ ಹೆಸರೆಂದು ಮ್ಯಾನೇಜರ್ ಯೂಜಿನ್ ಸರ್ ಕಂಪೆನಿಯ ಮಾಲೀಕನಾದ ಕಫೀಲನಿಗೆ ಗುರುವಾರ ಸಂಜೆಯೊಳಗೆ ಬರೆದು ಕಳಿಸಬೇಕು. ಆ ಗುರುವಾರವೇ ಇದು.

ಕಂಪೆನಿಯ ವ್ಯಾನಿನಲ್ಲಿ ಸುಕೇಶ್ ಮೊದಲೇ ಕೂತಿದ್ದ. ಪುರಂದರ ಹತ್ತಿದ್ದೇ ತಡ, ಸುಕೇಶ್ ಅವನ ಎರಡೂ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರಿತ್ತು.

“ಪುರಂದರಣ್ಣ, ದೇವರು ದೊಡ್ಡವ. ನಿಮ್ಮ ಕೆಲಸ ಹೋದ್ರೆ ನಾನು ಹೇಗೆ ಮುಖ ತೋರಿಸುದು ಅಂತ ನಿದ್ದೆಯೇ ಇರ್ಲಿಲ್ಲ. ಈಗ ನೀವೇ ಹೋಗ್ತಿದ್ದೀರಿ.”

“ನಾನು ಎಲ್ಲಿಗೂ ಹೋಗುದಿಲ್ಲ, ಸುಕೇಶ್.”

“ಗೊತ್ತುಂಟು, ಗೊತ್ತುಂಟು. ನಾನು ಯಾರಿಗೂ ಹೇಳುದಿಲ್ಲ” ಎಂದ ಸುಕೇಶ್. ಆ ಹೊತ್ತಿಗೆ ಅವನು ನಾಲ್ವರಿಗೆ ಹೇಳಿಯಾಗಿತ್ತು, ಅವರಲ್ಲೊಬ್ಬರು ಯೂಜಿನ್ ಸರ್.

ಯೂಜಿನ್ ಸರ್ ರಿಗ್ಗೈಯಲ್ಲಿ ಸಂಸಾರ ಹೂಡಿಕೊಂಡಿದ್ದ ಗಂಭೀರ ಮನುಷ್ಯ. ಚರ್ಚಿನ ಶುಕ್ರವಾರದ ಪೂಜೆ ತಪ್ಪಿಸಿದವರಲ್ಲ. ಸುಳ್ಳು ಹೇಳುತ್ತಿರಲಿಲ್ಲ, ಬೇರೆಯವರು ಹೇಳುತ್ತಾರೆ ಎಂಬುದೂ ಅವರ ತಲೆಗೆ ಹೋಗುತ್ತಿರಲಿಲ್ಲ. ತಡವಾಗಿ ಬಂದ ಡ್ರೈವರು ಟೈರು ಪಂಕ್ಚರಾಯಿತು ಎಂದರೆ ಅವರು ಟೈರಿನ ಕ್ಷೇಮ ವಿಚಾರಿಸುತ್ತಿದ್ದರು.

“ಪುರಂದರ, ನೀವು ಕೆನಡಾಕ್ಕೆ ಹೋಗ್ತೀರಂತೆ?”

“ಇಲ್ಲ ಸರ್. ಮಗಳ ಸ್ಕೂಲ್ ಪ್ರಾಜೆಕ್ಟು. ಬಾವುಟ ಒಣಗ್ಲಿಕ್ಕೆ ಹಾಕಿದ್ದೆ, ಅಷ್ಟೇ.”

“ಸರಿ” ಎಂದರು ಯೂಜಿನ್ ಸರ್. ಕನ್ನಡಕ ತೆಗೆದು ಒರೆಸಿಕೊಂಡರು. “ಇವತ್ತು ನೀವು ಮತ್ತು ಸುಕೇಶ್ ಕೂತು, ಸ್ಟಾಕು, ಬೀಗದ ಕೈ ಎಲ್ಲಾ ಒಮ್ಮೆ ನೋಡಿಬಿಡಿ.”

ಪುರಂದರ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಬೀಗದ ಕೈ ಎಂದಮೇಲೆ ಇನ್ನೇನು ಉಳಿಯಿತು. ಸರ್ ಕೂಡ ನಂಬಲಿಲ್ಲ, ಸುಕೇಶನಿಗೆ ಚಾರ್ಜು ಒಪ್ಪಿಸಲು ಹೇಳುತ್ತಿದ್ದಾರೆ. ಹೆದರಿದವನಿಗೆ ಎಲ್ಲ ಮಾತೂ ಒಂದೇ ಕಡೆ ಬಾಗಿದಂತೆ ಕಾಣುತ್ತದೆ.

ಹನ್ನೊಂದು ಗಂಟೆಗೆ ಸುಗಂಧಿಯ ಫೋನು. “ಫ್ರಿಡ್ಜಿಗೆ ಇಬ್ಬರು ಬಂದು ಹೋದ್ರು. ಒಬ್ರು ಬಾಗಿಲು ತೆಗ್ದು ಒಳಗೆ ಕೈ ಹಾಕಿ ತಂಪು ನೋಡಿದ್ರು. ನನ್ನ ಹೊಲಿಗೆ ಮೆಷಿನ್ ತುಳಿದು ನೋಡಿದ್ರು. ಎದುರಿನ ಬಿಲ್ಡಿಂಗಿನವರು ಫ್ಲ್ಯಾಟ್ ಯಾವಾಗ ಖಾಲಿ ಆಗ್ತದೆ ಅಂತ ಕೇಳ್ತಾರೆ. ಇಲ್ಲ ಅಂದಷ್ಟೂ ನಗ್ತಾರೆ.” ಆಮೇಲೆ ಮೆಲ್ಲಗೆ ಕೇಳಿದಳು: “ನಿಮ್ಮ ಕೆಲಸಕ್ಕೆ ಎಂತ ಆಗುದಿಲ್ಲ ಅಲ್ವಾ?”

ಎಂತ ಆಗುವುದಿಲ್ಲ ಎಂದ ಪುರಂದರ.

ವ್ಯಾನಿನ ಡ್ರೈವರ್ ಅಶ್ಕರ್ ಉಳ್ಳಾಲದ ಕಡೆಯವನು. ಜಗತ್ತಿನ ಎಲ್ಲ ಸಮಸ್ಯೆಗೂ ಅವನ ಹತ್ತಿರ ಮದ್ದಿತ್ತು, ತನ್ನವುಗಳ ಹೊರತು. ಗೋದಾಮಿನ ನೆರಳಿನಲ್ಲಿ ಸುಲೈಮಾನಿ ಚಹಾ ಕುಡಿಯುತ್ತಾ ಎಲ್ಲ ಕೇಳಿಸಿಕೊಂಡ.

“ನೀವು ಉಲ್ಟಾ ಮಾಡ್ತಿದ್ದೀರಿ ಮಾರಾಯ್ರೆ. ಹೋಗುವವ ಯಾವತ್ತಾದ್ರೂ ಹೇಳಿದ್ದುಂಟಾ? ಹೇಳಿದವ ಹೋದದ್ದುಂಟಾ? ನೀವು ಹೋಗ್ತೇನೆ ಅಂತ ಹೇಳಿ. ಒಬ್ಬ ನಂಬಿದ್ರೆ ನನ್ನ ಹೆಸರು ಬದಲು ಮಾಡಿ.”

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಪುರಂದರ ಕಟ್ಟಡದ ವಾಟ್ಸಾಪ್ ಗ್ರೂಪಿನಲ್ಲಿ ಬರೆದ: ‘ಎಲ್ಲರಿಗೂ ನಮಸ್ಕಾರ. ನಾವು ಮುಂದಿನ ತಿಂಗಳು ಕೆನಡಾಕ್ಕೆ ಹೊರಟಿದ್ದೇವೆ. ನಿಮ್ಮ ಹಾರೈಕೆ ಇರಲಿ.’

ನಗುವ ಮುಖಗಳು ಸಾಲುಗಟ್ಟಿ ಬಂದವು. ‘ಅಂದ್ರೆ ಇಲ್ಲ ಅಂತಾಯ್ತು’ ಎಂದು ಒಬ್ಬರು. ‘ಪಾಪ, ಸಿಟ್ಟು ಬಂದಿದೆ ಅವರಿಗೆ, ನಿಜಕ್ಕೂ ಪ್ರಾಜೆಕ್ಟೇ ಇರಬೇಕು’ ಎಂದು ಇನ್ನೊಬ್ಬರು. ವೈಲೆಟ್ ಬಾಯಿ ಸೋಫಾ ಬೇಡವೆಂದು ಬರೆದಳು. ಬೇಕಿದ್ದರೆ ಅಂಗಡಿಯಲ್ಲೇ ಹೊಸದು ನೋಡುತ್ತಾಳಂತೆ. ಪಕ್ಕದ ಮೇಜಿನಲ್ಲಿ ಸುಕೇಶ್ ಮೊಬೈಲು ಕೆಳಗಿಟ್ಟು, ಮುಖ ಸಪ್ಪೆ ಮಾಡಿಕೊಂಡು ಕೂತ.

ಪುರಂದರನಿಗೆ ರೆಕ್ಕೆ ಬಂದಂತಾಯಿತು. ಉಳಿದವರು ಒಬ್ಬರೇ. ಅವನು ಸೀದಾ ಯೂಜಿನ್ ಸರ್ ಕ್ಯಾಬಿನ್ನಿಗೆ ಹೋಗಿ, ಎದೆ ಸೆಟೆಸಿ ನಿಂತು, “ಸರ್, ನಾನು ಮುಂದಿನ ತಿಂಗಳು ಕೆನಡಾಕ್ಕೆ ಹೋಗ್ತೇನೆ” ಎಂದ. ಹಾದಿಯಲ್ಲಿ ಹೋಗುತ್ತಿದ್ದ ಮಾರಿಯನ್ನು ಮನೆಗೆ ಕರೆಯುವುದೆಂದರೆ ಇದೇ.

ಯೂಜಿನ್ ಸರ್ ಪೆನ್ನು ಕೆಳಗಿಟ್ಟರು. ನಗಲಿಲ್ಲ. ಎದ್ದು ಬಂದು ಕೈ ಕುಲುಕಿದರು. “ದೇವರು ಒಳ್ಳೇದು ಮಾಡ್ಲಿ” ಎಂದರು. ಪುರಂದರ ಇದನ್ನೂ ನಗುವಿನ ಲೆಕ್ಕಕ್ಕೇ ಸೇರಿಸಿಕೊಂಡು ಹೊರಗೆ ಬಂದ. ಮಧ್ಯಾಹ್ನದ ಊಟ ರುಚಿಯಾಗಿತ್ತು.

ಕೆಲಸ ಮುಗಿಯುವ ಹೊತ್ತಿಗೆ ಸರ್ ಕರೆದರು. ಕೂರಿಸಿದರು.

“ಪುರಂದರ, ನಿಮ್ಮಿಂದ ನನ್ನ ಮನಸ್ಸಿನ ಭಾರ ಇಳಿಯಿತು. ನಾನು ಸುಕೇಶನನ್ನು ಊರಿಗೆ ಕಳಿಸ್ಲಿಕ್ಕೆ ಬರೆದಿಟ್ಟಿದ್ದೆ. ನಿಮ್ಮ ಮಗಳು ಹತ್ತರಲ್ಲಿ ಇದ್ದಾಳೆ, ನೀವು ಹಳಬರು. ಅದಕ್ಕೇ ಬೆಳಿಗ್ಗೆ ಅವನ ಕೈಯಿಂದ ಬೀಗದ ಕೈ ತಗೊಳ್ಳಿ ಅಂತ ನಿಮ್ಮಿಬ್ಬರನ್ನು ಕೂರಿಸಿದ್ದು. ಅವನ ಮಕ್ಕಳು ಸಣ್ಣವು, ಊಟ ಸೇರ್ಲಿಲ್ಲ ನನಗೆ. ಅಷ್ಟರಲ್ಲಿ ನೀವೇ ಬಂದು ಹೋಗ್ತೇನೆ ಅಂದ್ರಿ. ಹೆಸರು ಬದಲಿಸಿ ಕಳಿಸಿದೆ. ಕಫೀಲ್ ಸೈನ್ ಹಾಕಿಯಾಯ್ತು.”

ಪುರಂದರ ಕುರ್ಚಿಯಿಂದ ಎದ್ದೇಬಿಟ್ಟ. “ಸರ್, ಅದು ಸುಳ್ಳು.”

“ಯಾವುದು?” ಎಂದು ಯೂಜಿನ್ ಸರ್ ಶಾಂತವಾಗಿ ಕೇಳಿದರು. “ಬೆಳಿಗ್ಗೆಯದ್ದಾ, ಮಧ್ಯಾಹ್ನದ್ದಾ?”

ಬಾವುಟದ ಕತೆ, ವಿವೇಕನ ಕತೆ, ಅಶ್ಕರನ ಸಲಹೆ ಎಲ್ಲವನ್ನೂ ಪುರಂದರ ಒದರಿದ. ಸರ್ ಪೂರ್ತಿ ಕೇಳಿಸಿಕೊಂಡರು, ಪೂರ್ತಿ ನಂಬಿದರು. ಅವರ ಕಣ್ಣು ಒದ್ದೆಯಾಯಿತು. ಕಫೀಲನಿಗೆ ಫೋನೂ ಮಾಡಿದರು. ಆ ಕಡೆಯಿಂದ ಒಂದೇ ಶಬ್ದ ಪುರಂದರನ ಕಿವಿಗೂ ಬಿತ್ತು: ಖಲಾಸ್. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ವ್ಯಾನಿನಲ್ಲಿ ಅಶ್ಕರ್, “ಹೇಗೆ? ಒಬ್ಬನಾದ್ರೂ ನಂಬಿದನಾ?” ಎಂದು ಕೇಳಿದ. ಪುರಂದರ ಕಿಟಕಿಯ ಕಡೆ ತಿರುಗಿ ಕೂತ.

ಮನೆಯಲ್ಲಿ ಹಬ್ಬದ ಗದ್ದಲ. ತೃಷಾಳ ಪ್ರಾಜೆಕ್ಟಿಗೆ ಮೊದಲ ಬಹುಮಾನ ಬಂದಿತ್ತು. ಎಲೆ ಕಡೆಗೂ ಒಣಗಿರಲಿಲ್ಲ, ಮುಖ್ಯೋಪಾಧ್ಯಾಯರ ಬಿಳಿ ಅಂಗಿಗೆ ಕೆಂಪು ತಾಗಿತ್ತು, ಆದರೂ ಬಹುಮಾನ. ಬೆಳಿಗ್ಗೆ ಬಸ್ಸಿನಲ್ಲಿ ಕೂತು ಕೊನೆಯ ಪುಟವನ್ನು ಅವಳು ಹೊಸದಾಗಿ ಬರೆದಿದ್ದಳಂತೆ. ಟೀಚರು ಅದನ್ನೇ ಎಲ್ಲರಿಗೂ ಓದಿ ಹೇಳಿದ್ದು.

“ಎಂತ ಬರೆದಿ?” ಎಂದು ಪುರಂದರ ಕೇಳಿದ.

ಅವಳು ಇಂಗ್ಲಿಷಿನಲ್ಲಿ ಬರೆದದ್ದನ್ನು ಅಪ್ಪನಿಗಾಗಿ ಕನ್ನಡದಲ್ಲಿ ತಡವರಿಸುತ್ತಾ ಹೇಳಿದಳು: “ಪಪ್ಪಾ, ಬಾವುಟ, ಪಾಸ್‌ಪೋರ್ಟ್ ಅದೆಲ್ಲ ಅಲ್ಲ. ನಿಮ್ಮ ಸೋಫಾ ಯಾರೂ ಕೇಳ್ಲಿಕ್ಕೆ ಬರುದಿಲ್ಲ ಅಲ್ವಾ, ಆ ಜಾಗ ನಿಮ್ಮ ದೇಶ. ಕೆನಡಾದಲ್ಲಿ ಹಾಗೆ ಇರುವವರು ಕೆನೇಡಿಯನ್.”

ಪುರಂದರ ಮಗಳ ತಲೆಯ ಮೇಲೆ ಕೈಯಿಟ್ಟ. ಅವಳಿಗೆ ಏನೆಂದು ಹೇಳುವುದು, ಹನ್ನೊಂದನೆಯ ತರಗತಿಗೆ ಯಾವ ಊರಿನ ಯಾವ ಶಾಲೆ ಎಂದು ಹೇಳುವುದು. ಅಡುಗೆಮನೆಗೆ ಹೋಗಿ ಸುಗಂಧಿಗೆ ತಗ್ಗಿದ ದನಿಯಲ್ಲಿ ವಿಷಯ ಹೇಳಿದ. ಅವಳು ಸಿಂಕಿನ ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡಳು.

“ಹಾಗಾದ್ರೆ ಸಾಮಾನು ಮಾರ್ಬೇಕು” ಎಂದಳು. “ವೈಲೆಟ್ ಬಾಯಿಗೆ ಹೇಳಿ.”

ಸ್ವೀಟು ತಿನ್ನಲು ವೈಲೆಟ್ ಬಾಯಿ ತಾನಾಗಿಯೇ ಬಂದಳು. ಪುರಂದರ ಅವಳೆದುರು ಕೈ ಜೋಡಿಸಿದ. “ಬಾಯಿ, ನಾವು ನಿಜವಾಗಿ ಹೋಗ್ತಿದ್ದೇವೆ. ಕೆನಡಾಕ್ಕಲ್ಲ, ಊರಿಗೆ. ಕೆಲಸ ಹೋಯ್ತು. ಸೋಫಾ ನೀವೇ ತಗೊಳ್ಳಿ, ಎಷ್ಟಾದ್ರೂ ಕೊಡಿ.”

ವೈಲೆಟ್ ಬಾಯಿ ಲಾಡು ಕೈಯಲ್ಲಿ ಹಿಡಿದೇ ನಕ್ಕಳು. “ಸಾಕು ಪುರಂದರಣ್ಣ. ಹೋಗುವವರು ಹೀಗೆ ಹೇಳುದಿಲ್ಲ ಅಂತ ನನಗೆ ಮಧ್ಯಾಹ್ನವೇ ಗೊತ್ತಾಗಿದೆ. ಒಂದೇ ತಮಾಷೆ ದಿನಕ್ಕೆ ಎರಡು ಸಲ ಮಾಡ್ಬಾರ್ದು.”

ಹೇಳಿ, ಅದೇ ಸೋಫಾದ ಮೇಲೆ ಆರಾಮಾಗಿ ಕಾಲು ಮಡಚಿ ಕೂತು, ಸುಗಂಧಿಯ ಹತ್ತಿರ ಒಂದು ಚಾ ಕೇಳಿದಳು.