ಜೋಡಿ ಸಿಲಿಂಡರು, ಒಂಟಿ ಜಾಕೆಟ್ಟು

ಇಡೀ ಲೋಹ್ಯಾ ಊರಿನಲ್ಲಿ ನನ್ನಷ್ಟು ಕೈಕೆಲಸ ಬಲ್ಲ ಗಂಡಸು ಇನ್ನೊಬ್ಬನಿಲ್ಲ. ಇದನ್ನು ನಾನೇ ಹೇಳಬೇಕಾಗಿದೆ, ಬೇರೆ ಯಾರೂ ಹೇಳುವುದಿಲ್ಲ! ಆದ್ದರಿಂದ ನನ್ನ ಹೆಂಡತಿ ಸಿನಿಕ್ಕಾ, "ಜೋಡಿ ಸಿಲಿಂಡರಿಗೆ ಬೇರೆ ಜಾಕೆಟ್ಟೇ ಬೇಕು ಔಲಿಸ್, ಸುಮ್ನೆ ಒಂದು ಕೊಂಡ್ಕೋ" ಅಂದಾಗ ನನ್ನ ಮೀಸೆ ನೆಟ್ಟಗೆ ನಿಂತಿತು. ಕೊಳ್ಳುವುದೇ? ಈ ಎರಡು ಕೈಗಳು ಜೀವಂತವಾಗಿರುವಾಗ?

ನಾವಿಬ್ಬರೂ ನೀರೊಳಗೆ ಮುಳುಗುವ ಹುಚ್ಚಿನವರು. ಊರ ಪಕ್ಕದ ಹಳೆಯ ಸುಣ್ಣದ ಗಣಿಯಲ್ಲಿ ನೀರು ತುಂಬಿಕೊಂಡಿದೆ. ಮದುವೆಯಾದ ಹೊಸತರಲ್ಲಿ ಬೆನ್ನಿಗೊಂದೊಂದು ಉಸಿರಾಟದ ಗಾಳಿಯ ಸಿಲಿಂಡರು ಕಟ್ಟಿಕೊಂಡು ಜೊತೆಯಾಗಿಯೇ ಇಳಿಯುತ್ತಿದ್ದೆವು. ಆಮೇಲೆ ಸಿನಿಕ್ಕಾ ಆಳದ ವಿದ್ಯೆ ಕಲಿತಳು, ಬೆನ್ನಿಗೆ ಜೋಡಿ ಸಿಲಿಂಡರು ಏರಿಸಿದಳು, ಮುಳುಗುವವರ ಕ್ಲಬ್ಬಿನ ರೈಮೊ ಜೊತೆ ಇಳಿಯತೊಡಗಿದಳು. ಜೊತೆಯಾಗಿ ಇಳಿಯುವವರ ಸಾಮಾನು ಒಂದೇ ಥರ ಇರಬೇಕೆಂಬುದು ಕ್ಲಬ್ಬಿನ ಕಟ್ಟಳೆ. ನಾನೋ, ದಡದಲ್ಲಿ ಫ್ಲಾಸ್ಕು ಕಾಯುವ ಹುದ್ದೆಗೆ ಬಂದೆ. ರೈಮೊ ನೀರಿನಿಂದೆದ್ದು ಬಂದು ಕಾಫಿ ಬಿಸಿ ಇದೆಯಾ ಎಂದು ಕೇಳಿದಾಗಲೆಲ್ಲ ಅವನ ಲೋಟವನ್ನು ಅರ್ಧವೇ ತುಂಬಿಸುತ್ತಿದ್ದೆ. ಈ ಶನಿವಾರ ಅವನು ಯಾರದೋ ಮದುವೆಗೆ ಹೋಗುತ್ತಿದ್ದ. ಸಿನಿಕ್ಕಾಳ ಪಕ್ಕದ ಜಾಗ ಖಾಲಿ! ಅದು ನನಗೆ ಬೇಕಿತ್ತು, ಅಷ್ಟೇ.

ಸಿಲಿಂಡರುಗಳನ್ನು ಹೇಗೋ ಎರವಲು ತಂದೆ. ಜಾಕೆಟ್ಟು ಮಾತ್ರ ನನ್ನ ಹಳೆಯದೇ. ಅದರೊಳಗೊಂದು ಗಾಳಿಚೀಲ ಇರುತ್ತದೆ. ಗಾಳಿ ತುಂಬಿದರೆ ಮೇಲೇಳುತ್ತೀರಿ, ಬಿಟ್ಟರೆ ಇಳಿಯುತ್ತೀರಿ. ಅದರ ಬೆನ್ನಿಗೆ ಎರಡು ತೂತು ಕೊರೆದು, ಬೋಲ್ಟು ತೂರಿಸಿ, ಜೋಡಿ ಸಿಲಿಂಡರನ್ನು ಬಿಗಿದರಾಯಿತು ಎಂದು ಲೆಕ್ಕ ಹಾಕಿದೆ. ಗುರುವಾರ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಡ್ರಿಲ್ಲು ಹಿಡಿದು ನಿಂತೆ. ಎಂಥ ತೂತುಗಳು! ದುಂಡಗೆ, ನುಣ್ಣಗೆ, ಒಂದೇ ಸಾಲಿನಲ್ಲಿ! ಜೋಡಿ ಸಿಲಿಂಡರೇ ಬೇಕಾದಷ್ಟು ಭಾರವೆಂದು, ಮುಳುಗಲು ಸೊಂಟಕ್ಕೆ ಕಟ್ಟುವ ಬೆಲ್ಟಿನ ಸೀಸದ ತುಂಡುಗಳಲ್ಲಿ ಅರ್ಧವನ್ನು ತೆಗೆದಿಟ್ಟೆ.

ಸಾಮಾನೆಲ್ಲ ಬಿಗಿದು ಬೆನ್ನಿಗೇರಿಸಿ ಸೋಫಾದಿಂದ ಎದ್ದು ನಿಂತೆ. ನಿಂತ ಮರುಕ್ಷಣವೇ ಸಿಲಿಂಡರುಗಳು ನನ್ನನ್ನು ಹಿಂದಕ್ಕೆಳೆದು ಅದೇ ಸೋಫಾದ ಮೇಲೆ ಕೆಡವಿದವು. ಮಗುಚಿದ ಆಮೆಯಂತೆ ಕೈಕಾಲು ಆಡಿಸಿದೆ. ಜಾಕೆಟ್ಟಿಗೆ ಗಾಳಿ ತುಂಬಿದರೆ ಆಸರೆಯಾದೀತೆಂದು ಗುಂಡಿ ಒತ್ತಿದೆ. ಬೆನ್ನಿನ ಎರಡೂ ಕಡೆಯಿಂದ ಸೀಟಿ ಊದಿದ ಸದ್ದು! ನನ್ನ ಆ ದುಂಡನೆಯ ತೂತುಗಳು ಗಾಳಿಚೀಲವನ್ನೂ ದಾಟಿ ಹೋಗಿದ್ದವು. ಅಷ್ಟರಲ್ಲಿ ಸಿನಿಕ್ಕಾ ಕೆಲಸದಿಂದ ಬಂದಳು. ನನ್ನನ್ನು ನೋಡಿದಳು, ನಿಧಾನವಾಗಿ ಬೂಟು ಬಿಚ್ಚಿಟ್ಟಳು.

"ಕಾಫಿ ಅಲ್ಲಿಗೇ ತರಲಾ, ಎದ್ದು ಬರ್ತೀಯಾ?" ಎಂದು ಕೇಳಿದಳು.

ಸೋಲೊಪ್ಪುವ ಜಾತಿಯೇ ನಾನು? ಮರುದಿನ ಬೋಲ್ಟುಗಳ ಸುತ್ತ ರಬ್ಬರ್ ತೇಪೆ ಹಚ್ಚಿದೆ. ಅಂಟು ಒಣಗಲು ಪೂರ್ತಿ ಒಂದು ದಿನ ಬೇಕೆಂದು ಡಬ್ಬಿ ಹೇಳುತ್ತಿತ್ತು. ಗಣಿಗೆ ಹೊರಡುವುದು ನಾಳೆ ಬೆಳಗ್ಗೆಯೇ. ಆಗ ನನ್ನ ತಲೆಯಲ್ಲಿ ದೀಪ ಹತ್ತಿತು: ಸೌನಾ!

ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲ ಮನೆಯವರಿಗೂ ಸೇರಿ ಒಂದೇ ಸೌನಾ, ಅಂದರೆ ಕಾದ ಕಲ್ಲಿಗೆ ನೀರು ಹಾಕಿ ಬೆವರುತ್ತ ಕೂರುವ ಬಿಸಿಕೋಣೆ. ಶುಕ್ರವಾರ ಸಂಜೆ ನಮ್ಮ ಪಾಳಿ ಮುಗಿದ ಮೇಲೆ ಕೆಳಮನೆಯ ಹಿಲ್ಕಾ ಅಜ್ಜಿಯ ಪಾಳಿ. ಅಜ್ಜಿ ತಂಗಿಯ ಊರಿಗೆ ಹೋಗಿದ್ದರು. ಬಿಸಿಯೆಲ್ಲ ದಂಡವಾಗುವ ಬದಲು ನನ್ನ ಅಂಟಾದರೂ ಒಣಗಲಿ! ಸಿಲಿಂಡರು ಕಳಚಿಟ್ಟು, ತೇಪೆ ಸುಕ್ಕಾಗದಿರಲೆಂದು ಜಾಕೆಟ್ಟಿಗೆ ಬಾಯಿಂದಲೇ ಗಾಳಿ ಊದಿ, ಬೆಂಚಿನ ಮೇಲೆ ಗೋಡೆಗೊರಗಿಸಿ ಕೂರಿಸಿದೆ. ಮುಳುಗುವಾಗ ತೊಡುವ, ತೊಳೆದು ಒದ್ದೆಯಾಗಿದ್ದ ತಲೆಗವಸಿನೊಳಗೆ ಟವೆಲ್ ತುರುಕಿ ಅದರ ಮೇಲಿಟ್ಟೆ. ದೀಪ ಮಂದ ಮಾಡಿ ಮನೆಗೆ ಬಂದು ಸಿನಿಕ್ಕಾಳಿಗೆ ನನ್ನ ಜಾಣತನವನ್ನು ಬಣ್ಣಿಸಿದೆ.

ಗಂಟೆ ಕಳೆಯುವಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು. ನೋಡಿದರೆ ಹಿಲ್ಕಾ ಅಜ್ಜಿ! ತಂಗಿಯ ಜೊತೆ ಜಗಳವಾಡಿಕೊಂಡು ಬೇಗನೆ ವಾಪಸ್ಸು ಬಂದಿದ್ದರು. ಮೈಗೆ ಟವೆಲ್ಲಿನ ನಿಲುವಂಗಿ, ಕೆಂಪೇರಿದ ಕೆನ್ನೆ, ಕಣ್ಣಿಗೆ ಕನ್ನಡಕವಿಲ್ಲ.

"ನಿಮ್ಮ ಕಡೆಯೋರು ಯಾರೋ ಇನ್ನೂ ಸೌನಾದಲ್ಲೇ ಕೂತಿದಾರಪ್ಪ, ಕಪ್ಪಗೆ ದಪ್ಪಗೆ ಇದಾರೆ" ಎಂದರು. "ನನ್ನ ಪಾಳೀಲಿ ಕೂತ್ರು ಅಂತ ನಾನೇನೂ ಅನ್ನಲಿಲ್ಲ. ನೀರು ಹಾಕ್ಲಾ ಅಂತ ಕೇಳಿದೆ, ಬೇಡ ಅನ್ನಲಿಲ್ಲ, ಹಾಕಿದೆ. ಉಸ್ ಅಂತ ಉದ್ದಕ್ಕೆ ಉಸಿರು ಬಿಟ್ರು. ಪಾಪ, ಒಳ್ಳೇ ಮನುಷ್ಯ, ತಲೆ ತಿನ್ನೋ ಜಾತಿ ಅಲ್ಲ. ಆದ್ರೆ ಈಗ ಯಾಕೋ ಸೊರಗಿ ಪಕ್ಕಕ್ಕೆ ವಾಲಿದಾರೆ. ಹುಷಾರಿದಾರಾ ಒಂದ್ಸಲ ನೋಡು."

ಸಿನಿಕ್ಕಾ ಗೋಡೆ ಹಿಡಿದುಕೊಂಡು ನಕ್ಕಳು. ನಾನು ಮೆಟ್ಟಿಲುಗಳನ್ನು ಹಾರಿಕೊಂಡು ಇಳಿದೆ. ಆ ಒಳ್ಳೇ ಮನುಷ್ಯ ಬೆಂಚಿನ ಮೇಲೆ ಅಂಗಾತ ಬಿದ್ದಿದ್ದ. ಕಾವಿಗೆ ಅಂಟು ಕರಗಿ ತೇಪೆಗಳೆರಡೂ ಕಿತ್ತುಬಂದಿದ್ದವು. ಅವನನ್ನು ಹೆಗಲ ಮೇಲೆ ಹೊತ್ತು ತಂದು ಅಡುಗೆಮನೆಯ ಮೇಜಿನ ಮೇಲೆ ಮಲಗಿಸಿದೆ. ನನಗೆ ನಗು ಬರಲಿಲ್ಲ. ನಿಜವಾಗಿ ಅಳುವೇ ಬಂದಿತ್ತು.

"ನೀನು ನಾಳೆ ಬೇರೆ ಯಾರ ಜೊತೆಗಾದ್ರೂ ಇಳಿ" ಎಂದೆ. "ನಾನು ಫ್ಲಾಸ್ಕು ಕಾಯ್ತೀನಿ."

ಸಿನಿಕ್ಕಾ ಕುರ್ಚಿ ಎಳೆದು ನನ್ನ ಪಕ್ಕ ಕೂತಳು. "ಇಷ್ಟೆಲ್ಲ ಒದ್ದಾಡಿದ್ದು ನನ್ನ ಜೊತೆ ಇಳಿಯೋಕಾ? ಬಾಯಿಬಿಟ್ಟು ಹೇಳೋದಲ್ವಾ ಮಾರಾಯ. ನಾಳೆ ನಾನೂ ಒಂದೇ ಸಿಲಿಂಡರ್ ಹಾಕ್ಕೋತೀನಿ. ನಿಂಗೆ ಕ್ಲಬ್ಬಿಂದ ಜಾಕೆಟ್ ಇಸ್ಕೊಡ್ತೀನಿ."

"ಒಂದರಲ್ಲಿ ನೀನು ಆಳಕ್ಕೆ ಹೋಗೋಕಾಗಲ್ಲವಲ್ಲ?"

"ಆಳದಲ್ಲಿ ಏನಿದೆ? ಬರೀ ಕತ್ತಲೆ, ಜೊತೆಗೆ ರೈಮೊ."

ಶನಿವಾರ ಇಳಿದೆವು. ಇಳಿಯುತ್ತಿದ್ದ ಹಾಗೆಯೇ ಸಿನಿಕ್ಕಾ ನನ್ನ ಕೈ ಹಿಡಿದಳು. ಹಿಡಿದವಳು ಬಿಡಲೇ ಇಲ್ಲ! ಗಣಿಯ ಹಳೆಯ ಕಂಬಗಳ ನಡುವೆ, ತಣ್ಣನೆಯ ಹಸಿರು ನೀರಿನಲ್ಲಿ, ಮದುವೆಯಾದ ಹೊಸತರಲ್ಲೂ ಹಿಡಿಯದಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದಳು. ಮುಖವಾಡದೊಳಗೆ ನನ್ನ ಕಣ್ಣು ತುಂಬಿ ಬಂತು. ಇವಳಿಗೂ ನಾನು ಇಷ್ಟು ಬೇಕಾಗಿದ್ದೆನೇ, ಇದು ತಿಳಿಯದೆ ಇಷ್ಟು ದಿನ ದಡದಲ್ಲಿ ಕೂತಿದ್ದೆನೇ ಎಂದು ಜೀವ ಹಿಗ್ಗಿತು.

ದಡಕ್ಕೆ ಬಂದ ಮೇಲೆ, ನಮ್ಮ ಕಡೆಯ ಗಂಡಸರು ಜೀವಮಾನಕ್ಕೊಮ್ಮೆ ಆಡುವಂಥ ಮಾತನ್ನು ನಾನು ಆಡಿಯೇಬಿಟ್ಟೆ. "ನೀನು ಕೈ ಬಿಡಲೇ ಇಲ್ಲ ಸಿನಿಕ್ಕಾ. ನನಗೆ ತುಂಬ ಸಂತೋಷ ಆಯ್ತು."

ಅವಳು ನೋಯುತ್ತಿದ್ದ ತೋಳನ್ನು ನೀವಿಕೊಳ್ಳುತ್ತ ನನ್ನ ಸೊಂಟದ ಬೆಲ್ಟಿನತ್ತ ಬೆರಳು ಮಾಡಿದಳು.

"ಜೋಡಿ ಸಿಲಿಂಡರ್ ಭಾರ ಅಂತ ಮೊನ್ನೆ ಅರ್ಧ ಸೀಸ ತೆಗೆದಿಟ್ಟೆಯಲ್ಲ, ವಾಪಸ್ ಹಾಕ್ಕೊಂಡ್ಯಾ? ನಾನು ಕೈ ಬಿಟ್ಟಿದ್ರೆ ನೀನು ಬೆಲೂನ್ ಥರ ಮೇಲಕ್ಕೆ ಹೋಗ್ತಿದ್ದೆ!"